ಅರಳು ಮರಳಿಗೆ ವಯಸ್ಸೊಂದೇ ಕಾರಣವಲ್ಲ, ರಕ್ತನಾಳವೂ ಕಾರಣ

ನಿಡಗುಂದಿ: ‘ಅರವತ್ತಕ್ಕೆ ಅರಳು ಮರಳು’ ಎಂಬ ಮಾತು ಹಳೆಯದಷ್ಟೇ ಅಲ್ಲ, ಅಪಾಯಕಾರಿಯೂ ಹೌದು. ಉಂಡ ಹಿರಿಯರು ಮತ್ತೆ ತಾಟು ಕೇಳಿದರೆ, ಸಂತೆಗೆ ಹೋದವರು ಮನೆಯ ದಾರಿ ಮರೆತರೆ, ‘ವಯಸ್ಸಾಯಿತು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಈ ಮರೆವಿನಲ್ಲಿ ವಯಸ್ಸಿನ ಪಾಲಿದೆ, ಅದನ್ನು ತಡೆಯಲಾಗದು. ಆದರೆ ಮಿದುಳಿನ ರಕ್ತನಾಳಗಳ ಪಾಲೂ ಇದೆ. ಅದನ್ನು ಬಹುಮಟ್ಟಿಗೆ ತಡೆಯಬಹುದು ಎನ್ನುತ್ತವೆ ಇತ್ತೀಚಿನ ಅಧ್ಯಯನಗಳು.

ಇದನ್ನು ಅರಿಯಲು ನಿಡಗುಂದಿಯ ಜನರಿಗೆ ಪಕ್ಕದ ಆಲಮಟ್ಟಿಯ ಉದಾಹರಣೆಯೇ ಸಾಕು. ಜಲಾಶಯ ತುಂಬಿದ್ದರೂ ಹೊಲಗಾಲುವೆಯಲ್ಲಿ ಹೂಳು ತುಂಬಿದ್ದರೆ ಕೊನೆಯ ಹೊಲಕ್ಕೆ ನೀರು ತಲುಪದು. ಮಿದುಳಿನ ತೂಕ ದೇಹದ ತೂಕದ ಸುಮಾರು ಶೇ 2 ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. ಈ ಪೂರೈಕೆಯ ಕೊನೆಯ ಹಂತ ಕೂದಲಿಗಿಂತ ತೆಳುವಾದ ನಾಳಗಳದ್ದು. ವರ್ಷಗಟ್ಟಲೆ ಏರಿದ ರಕ್ತದೊತ್ತಡ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಹಾಗೂ ತಂಬಾಕು ಮಿದುಳಿನ ಸಣ್ಣ ನಾಳಗಳ ಗೋಡೆಯನ್ನು ದಪ್ಪಗೊಳಿಸಿ ಪೆಡಸಾಗಿಸುತ್ತವೆ. ಆಗ ಮಿದುಳಿನ ಆಳದಲ್ಲಿ ಕಡಲೆ ಕಾಳಿನಷ್ಟು ಜಾಗ ರಕ್ತವಿಲ್ಲದೆ ಸಾಯುತ್ತದೆ. ಕೈಕಾಲು ಬೀಳುವ ಲಕ್ವ ಹೊಡೆದರೆ ಊರಿಗೇ ಗೊತ್ತಾಗುತ್ತದೆ. ಈ ಸಣ್ಣ ಲಕ್ವಗಳು ಬಹುಪಾಲು ರೋಗಿಗೇ ತಿಳಿಯದೆ ಬಂದು ಹೋಗುತ್ತವೆ.

ರಕ್ತನಾಳದಿಂದ ಬರುವ ಮರೆವು ಬೇರೆ, ಆಲ್ಝೈಮರ್ಸ್ ಬೇರೆ ಎಂದೇ ವೈದ್ಯಶಾಸ್ತ್ರ ಬಹುಕಾಲ ಭಾವಿಸಿತ್ತು. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ವಿವರಿಸಿದ ಮೊದಲ ರೋಗಿಯ ಮಿದುಳಿನಲ್ಲಿ ಪ್ರೋಟೀನ್ ಗಂಟುಗಳ ಜೊತೆಗೆ ಪೆಡಸಾದ ರಕ್ತನಾಳಗಳೂ ಇದ್ದವು. ಗಂಟುಗಳು ಪ್ರಸಿದ್ಧವಾದವು, ನಾಳಗಳು ಮರೆತುಹೋದವು! ವಾಸ್ತವದಲ್ಲಿ ಇವೆರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ಆಲ್ಝೈಮರ್ಸ್‌ನಲ್ಲಿ ಶೇಖರವಾಗುವ ಅಮೈಲಾಯ್ಡ್ ಎಂಬ ಪ್ರೋಟೀನಿನ ಒಂದಂಶವನ್ನು ಮಿದುಳು ರಕ್ತನಾಳಗಳ ಮೂಲಕ ಹಾಗೂ ಅವುಗಳ ಗೋಡೆಗುಂಟ ಹೊರಹಾಕುತ್ತದೆ. ನಾಳ ಪೆಡಸಾದರೆ ಈ ಕೆಲಸ ನಿಧಾನಗೊಳ್ಳುತ್ತದೆ. ಅಮೈಲಾಯ್ಡ್ ಆ ಗೋಡೆಗಳಲ್ಲೇ ಕೂತರೆ ನಾಳ ಇನ್ನಷ್ಟು ದುರ್ಬಲವಾಗುತ್ತದೆ.

ಅಮೆರಿಕದಲ್ಲಿ ಮರಣಾನಂತರ ತಮ್ಮ ಮಿದುಳನ್ನು ದಾನ ಮಾಡಿದ 102 ಕ್ರೈಸ್ತ ಸನ್ಯಾಸಿನಿಯರ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. ಅವರಲ್ಲಿ 61 ಮಂದಿಯ ಮಿದುಳಿನಲ್ಲಿ ಆಲ್ಝೈಮರ್ಸ್ ಕುರುಹುಗಳಿದ್ದವು. ಆದರೆ ಅವರೆಲ್ಲರೂ ಬದುಕಿದ್ದಾಗ ಒಂದೇ ತೆರನಾಗಿ ನೆನಪು ಕಳೆದುಕೊಂಡಿರಲಿಲ್ಲ. ಆ ಕುರುಹುಗಳ ಜೊತೆಗೆ ಸಣ್ಣ ಲಕ್ವದ ಗುರುತುಗಳೂ ಇದ್ದವರಲ್ಲಿ ಡಿಮೆನ್ಶಿಯಾ ಬಹಳ ಹೆಚ್ಚಾಗಿತ್ತು.

ಹಾಗಾದರೆ ರಕ್ತದೊತ್ತಡ ತಗ್ಗಿಸಿದರೆ ಮರೆವು ತಪ್ಪುವುದೇ? 2019ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ, ಮೇಲಿನ ಒತ್ತಡವನ್ನು 120ಕ್ಕಿಂತ ಕೆಳಗೆ ತರುವ ಚಿಕಿತ್ಸೆ ಪಡೆದವರಲ್ಲಿ ಡಿಮೆನ್ಶಿಯಾಕ್ಕಿಂತ ಮೊದಲಿನ ಹಂತದ ಅರಿವಿನ ಕುಸಿತ ಶೇ 19ರಷ್ಟು ಕಡಿಮೆಯಾಯಿತು. ಡಿಮೆನ್ಶಿಯಾ ಮಾತ್ರ ಖಚಿತವಾಗಿ ತಗ್ಗಿತೆಂದು ಹೇಳಲಾಗಲಿಲ್ಲ. ಆ ಕೊರತೆಯನ್ನು ತುಂಬಿದ್ದು 2025ರಲ್ಲಿ ವರದಿಯಾದ ಚೀನಾದ ಪ್ರಯೋಗ. ಅಲ್ಲಿ 326 ಹಳ್ಳಿಗಳ ಸುಮಾರು 34 ಸಾವಿರ ಮಂದಿಯನ್ನು ಆಯ್ದುಕೊಂಡು, ಅರ್ಧದಷ್ಟು ಹಳ್ಳಿಗಳಲ್ಲಿ ರಕ್ತದೊತ್ತಡ ನಿಯಂತ್ರಿಸುವ ಹೊಣೆಯನ್ನು ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೇ ವಹಿಸಲಾಗಿತ್ತು. 4 ವರ್ಷಗಳಲ್ಲಿ ಆ ಹಳ್ಳಿಗಳಲ್ಲಿ ಡಿಮೆನ್ಶಿಯಾ ಶೇ 15ರಷ್ಟು ಕಡಿಮೆಯಾಗಿತ್ತು. ದೊಡ್ಡ ಆಸ್ಪತ್ರೆಗಳಿಲ್ಲದ ನಮ್ಮ ತಾಲ್ಲೂಕುಗಳಿಗೆ ಇದಕ್ಕಿಂತ ಹತ್ತಿರದ ಸುದ್ದಿ ಬೇರೊಂದಿರಲಾರದು.

ಹಳ್ಳಿಯಲ್ಲಿ ದುಡಿದು ತಿನ್ನುವವರಿಗೆ ಇಂಥ ರೋಗ ಬಾರದೆಂಬ ನಂಬಿಕೆಯೂ ಸುಳ್ಳು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ. ನಗರಕ್ಕಿಂತ ಹಳ್ಳಿಗಳಲ್ಲಿ, ಪುರುಷರಿಗಿಂತ ಮಹಿಳೆಯರಲ್ಲಿ ಅದು ಹೆಚ್ಚು.

ನಮ್ಮ ರಾಜ್ಯದಲ್ಲೇ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕು ಈ ಸಂಶೋಧನೆಯ ನೆಲೆಯಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 45 ವರ್ಷ ದಾಟಿದ 10 ಸಾವಿರ ಗ್ರಾಮಸ್ಥರನ್ನು ದೀರ್ಘಕಾಲ ಗಮನಿಸುವ ಗುರಿಯೊಂದಿಗೆ 2018ರಲ್ಲಿ ಅಧ್ಯಯನ ಆರಂಭಿಸಿತು. ನೆನಪಿನ ಪರೀಕ್ಷೆ, ರಕ್ತಪರೀಕ್ಷೆ ಮತ್ತು ಮಿದುಳಿನ ಸ್ಕ್ಯಾನ್ ಅದರ ಭಾಗ. ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ 2022ರಲ್ಲಿ ಬೇರೊಂದು ಮಿದುಳು ಆರೋಗ್ಯ ಕಾರ್ಯಕ್ರಮವನ್ನೂ ಜಾರಿಗೆ ತಂದವು. ಬೆಂಗಳೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರದಲ್ಲಿ ಮೊದಲ ಚಿಕಿತ್ಸಾಲಯಗಳು ತೆರೆದವು.

ಸಂಶೋಧಕರು ಅರವತ್ತರ ಬದಲು 45ರಿಂದಲೇ ಎಣಿಕೆ ಶುರು ಮಾಡಿದ್ದಕ್ಕೆ ಕಾರಣವಿದೆ. ನಾಳಗಳಿಗೆ ಪೆಟ್ಟು ಬೀಳುವುದು ನಡುವಯಸ್ಸಿನಲ್ಲಿ, ಫಲ ಕಾಣುವುದು ಇಪ್ಪತ್ತು ವರ್ಷಗಳ ನಂತರ. ತಲೆನೋವಿಲ್ಲ, ತಲೆಸುತ್ತಿಲ್ಲ ಎಂದು ಬಿ.ಪಿ. ಗುಳಿಗೆಯನ್ನು ತಾವಾಗಿಯೇ ನಿಲ್ಲಿಸುವವರು ಈ ಲೆಕ್ಕವನ್ನೇ ಮರೆಯುತ್ತಾರೆ. ಏರಿದ ರಕ್ತದೊತ್ತಡಕ್ಕೆ ಬಹುತೇಕ ಯಾವ ಲಕ್ಷಣವೂ ಇರುವುದಿಲ್ಲ. ಅಳೆದರೆ ಮಾತ್ರ ತಿಳಿಯುತ್ತದೆ. ರೊಟ್ಟಿಯ ಜೊತೆಗಿನ ಉಪ್ಪಿನಕಾಯಿ, ಹಪ್ಪಳದಲ್ಲಿ ಸೇರುವ ಉಪ್ಪೂ ಲೆಕ್ಕಕ್ಕೆ ಬರಬೇಕು.

ಈಗಾಗಲೇ ಮರೆವು ಕಾಣಿಸಿಕೊಂಡವರಿಗೆ ಇದರಿಂದ ಕಳೆದ ನೆನಪು ಮರಳದು. ಆದರೂ ಮುಂದಿನ ಲಕ್ವವನ್ನು ತಡೆಯುವುದು ಅವರಿಗೂ ಮುಖ್ಯ. ಅಲ್ಲದೆ ಬಿ-12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಯಿಂದಲೂ ಮರೆವು ಬರಬಹುದು, ಅವಕ್ಕೆ ಚಿಕಿತ್ಸೆಯಿದೆ. ಆದ್ದರಿಂದ ವೈದ್ಯರ ತಪಾಸಣೆ ಬೇಕೇ ಬೇಕು. ತೀರ ವಯಸ್ಸಾದವರಲ್ಲಿ ಒತ್ತಡ ವಿಪರೀತ ಇಳಿದರೆ ಎದ್ದು ನಿಲ್ಲುವಾಗ ಬೀಳುವ ಭಯವಿರುವುದರಿಂದ, ಗುಳಿಗೆಯ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ನೆರೆಮನೆಯವರ ಚೀಟಿ ನೋಡಿ ಗುಳಿಗೆ ತರುವುದು ಸಲ್ಲದು.