ಸಿಡಿಲಿಲ್ಲದ ಸಿಳ್ಳೆ

ಮೊದಲ ಮಹಾಯುದ್ಧದ ಕಂದಕಗಳಲ್ಲಿ ಶತ್ರುವಿನ ಫೋನ್ ಮಾತು ಕದ್ದು ಕೇಳಲು ಅವನ ತಂತಿಯನ್ನು ಮುಟ್ಟಬೇಕಾಗಿರಲಿಲ್ಲ. ತಂತಿಯಿಂದ ಮಣ್ಣಿಗೆ ಸೋರುವ ಅಲ್ಪ ವಿದ್ಯುತ್ತೇ ಸಾಕಿತ್ತು. ದೂರ ದೂರಕ್ಕೆ ಎರಡು ಲೋಹದ ಗೂಟ ನೆಟ್ಟು, ಆಗಷ್ಟೇ ಬಳಕೆಗೆ ಬಂದಿದ್ದ ವಾಲ್ವ್ ಆಂಪ್ಲಿಫೈಯರಿಗೆ ಜೋಡಿಸಿ, ಇಯರ್‌ಫೋನನ್ನು ಕಿವಿಗೆ ಒತ್ತಿಕೊಂಡು ಕೂರುತ್ತಿದ್ದರು. ಜರ್ಮನ್ ಪಡೆಗಾಗಿ ಈ ಕೆಲಸದಲ್ಲಿದ್ದ ಭೌತವಿಜ್ಞಾನಿ ಹೈನ್ರಿಶ್ ಬಾರ್ಕ್‌ಹೌಸೆನ್‌ಗೆ ಮಾತಿನ ನಡುವೆ ಇನ್ನೊಂದು ಸದ್ದು ಕೇಳಿಸಿತು. ಎತ್ತರದ ಸ್ವರದಲ್ಲಿ ಹುಟ್ಟಿ, ಒಂದೆರಡು ಸೆಕೆಂಡಿನಲ್ಲಿ ಜಾರುತ್ತಾ ಕೆಳಗಿಳಿದು ಅಡಗಿಹೋಗುವ ನೀಳ ಸಿಳ್ಳೆ. ಸೈನಿಕರು ಅದಕ್ಕೆ ಆಗಲೇ ಅರ್ಥ ಹಚ್ಚಿದ್ದರು: ಗುಂಡು ಹಾರುವುದು ಕೇಳಿಸುತ್ತಿದೆ. ಹಗಲೂ ರಾತ್ರಿ ತಲೆಯ ಮೇಲೆ ಫಿರಂಗಿ ಗುಂಡು ಹಾರುತ್ತಿದ್ದವರಿಗೆ ಬೇರೇನು ಹೊಳೆದೀತು?

ಕೆಲವು ದಿನ ಸಿಳ್ಳೆ ಎಷ್ಟು ದಟ್ಟವಾಗಿರುತ್ತಿತ್ತೆಂದರೆ ಕದ್ದು ಕೇಳುವ ಕೆಲಸವೇ ನಿಂತುಹೋಗುತ್ತಿತ್ತು. ಇದಕ್ಕೂ ಹವಾಮಾನಕ್ಕೂ ನಂಟಿರಬೇಕೆಂದು ಬಾರ್ಕ್‌ಹೌಸೆನ್ ಊಹಿಸಿದರು. 1919ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಹೊಸ ಆಂಪ್ಲಿಫೈಯರಿನಿಂದ ಸಿಕ್ಕ ಎರಡು ಸಂಗತಿಗಳಿದ್ದವು. ಒಂದು, ಕಬ್ಬಿಣ ಕಾಂತವಾಗುವಾಗ ಹೊರಡುವ ಚಟಚಟ ಸದ್ದು; ಇಂದಿಗೂ ಅದಕ್ಕೆ ಅವರದೇ ಹೆಸರಿದೆ. ಇನ್ನೊಂದು ಈ ಸಿಳ್ಳೆ. ಅದರ ಮೂಲ ಮಾತ್ರ ಅವರ ಕೈಗೆ ಹತ್ತಲಿಲ್ಲ.

ಮುಂದಿನ ಸುಳಿವು ಇಂಗ್ಲೆಂಡಿನ ಮಾರ್ಕೋನಿ ಕಂಪನಿಯ ಟಿ. ಎಲ್. ಎಕರ್ಸ್ಲಿ ಅವರದು. ಎಷ್ಟೋ ಸಲ ಸಿಳ್ಳೆಗೆ ಮುಂಚೆ ‘ಟಕ್’ ಎಂಬ ಸದ್ದು ಬರುವುದನ್ನು ಅವರು ಗಮನಿಸಿದರು. ಆ ಟಕ್ ಎಂದರೆ ಸಿಡಿಲು. ಸಿಡಿಲು ಗುಡುಗನ್ನಷ್ಟೇ ಹುಟ್ಟಿಸುವುದಿಲ್ಲ, ಎಲ್ಲ ಕಂಪನಾಂಕಗಳ ರೇಡಿಯೊ ಅಲೆಗಳನ್ನು ಒಟ್ಟಿಗೇ ಚೆಲ್ಲುತ್ತದೆ. ಅವುಗಳಲ್ಲಿ ಸೆಕೆಂಡಿಗೆ ಕೆಲವು ಸಾವಿರ ಸಲ ಕಂಪಿಸುವವನ್ನು ಆಂಪ್ಲಿಫೈಯರಿನಲ್ಲಿ ಹಿಗ್ಗಿಸಿದರೆ ನಮ್ಮ ಕಿವಿಯೇ ಹಿಡಿಯುತ್ತದೆ. ಜಾತ್ರೆಗೆ ಒಟ್ಟಿಗೇ ಹೊರಟ ಗುಂಪಿನಲ್ಲಿ ಬಿರುಸಿನವರು ಮೊದಲು ಮುಟ್ಟಿ ನಿಧಾನಿಗಳು ಹಿಂದುಳಿಯುವ ಹಾಗೆ, ಎತ್ತರದ ಸ್ವರಗಳು ಮುಂದಾಗಿ ತಗ್ಗಿನವು ತಡವಾಗಿ ಬರುತ್ತವೆ. 1935ರಲ್ಲಿ ಎಕರ್ಸ್ಲಿ ಇದಕ್ಕೆ ಲೆಕ್ಕ ಕೊಟ್ಟರು. ತಡವಾಗುವ ಹೊತ್ತು ಕಂಪನಾಂಕದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. 8 ಕಿಲೋಹರ್ಟ್ಸ್‌ನ ಅಲೆಗೆ ಹಿಡಿಯುವ ಹೊತ್ತಿನ ಎರಡರಷ್ಟು 2 ಕಿಲೋಹರ್ಟ್ಸ್‌ನ ಅಲೆಗೆ ಬೇಕು. ಆದರೆ ರೇಡಿಯೊ ಅಲೆ ಒಂದು ಸೆಕೆಂಡಿನಲ್ಲಿ ಭೂಮಿಯನ್ನು ಏಳು ಸುತ್ತು ಹಾಕಬಲ್ಲದು. ಸೆಕೆಂಡುಗಟ್ಟಲೆ ಹಿಂದೆ ಬೀಳಬೇಕಾದರೆ ಅದು ಎಲ್ಲಿ ಸುತ್ತಾಡಿ ಬಂತು?

1950ರ ದಶಕದ ಆರಂಭದಲ್ಲಿ ಕೇಂಬ್ರಿಜ್‌ನಲ್ಲಿ ಜೆ. ಎ. ರ‍್ಯಾಟ್‌ಕ್ಲಿಫ್ ಅವರ ಬಳಿ ಸಂಶೋಧನೆ ಮಾಡುತ್ತಿದ್ದ ಓವೆನ್ ಸ್ಟೋರಿ ಎಂಬ ವಿದ್ಯಾರ್ಥಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅವರು ಸಿಳ್ಳೆಗಳನ್ನು ಎರಡು ಗುಂಪು ಮಾಡಿದರು. ಒಂದರಲ್ಲಿ ಮುಂಚೆ ಟಕ್ ಇದೆ, ಇನ್ನೊಂದರಲ್ಲಿ ಇಲ್ಲ. ಟಕ್ ಇರುವ ಸಿಳ್ಳೆಗಳು ನೀಳ, ಇಲ್ಲದವು ಗಿಡ್ಡ. ಅಳೆದು ನೋಡಿದರೆ ನೀಳವಾದವುಗಳ ಎಳೆತ ಗಿಡ್ಡವಾದವುಗಳ ಎರಡರಷ್ಟು. ಟಕ್ ಕೇಳದಿದ್ದುದನ್ನು ಉಪಕರಣದ ಕೊರತೆ ಎಂದು ಬಿಟ್ಟುಬಿಡುವುದು ಸುಲಭವಿತ್ತು. ಸ್ಟೋರಿ ಬಿಡಲಿಲ್ಲ. ಈ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇದೇ. ಟಕ್ ಕೇಳಿಸುವುದಿಲ್ಲ, ಏಕೆಂದರೆ ಆ ಸಿಡಿಲು ಬಿದ್ದದ್ದು ಇಲ್ಲಲ್ಲ, ಭೂಮಿಯ ಇನ್ನೊಂದು ಅರ್ಧಗೋಳದಲ್ಲಿ! ಅದರ ಅಲೆ ಭೂಮಿಯ ಕಾಂತೀಯ ಬಲರೇಖೆಯನ್ನು ಹಿಡಿದು ಬಾಹ್ಯಾಕಾಶಕ್ಕೆ ಏರಿ, ಕಮಾನಿನಂತೆ ಬಾಗಿ, ಉತ್ತರದಲ್ಲಿ ಇಳಿದು ಗಿಡ್ಡ ಸಿಳ್ಳೆಯಾಯಿತು. ಸಿಡಿಲು ಇಲ್ಲೇ ಬಿದ್ದರೆ ಟಕ್ ಮೊದಲೇ ಕೇಳಿಸುತ್ತದೆ. ಅಲೆ ದಕ್ಷಿಣಕ್ಕೆ ಹೋಗಿ, ಪ್ರತಿಫಲಿಸಿ, ಬಂದ ದಾರಿಯಲ್ಲೇ ಮರಳುತ್ತದೆ. ದಾರಿ ಇಮ್ಮಡಿ, ಎಳೆತವೂ ಇಮ್ಮಡಿ.

ಅಲೆ ಬಲರೇಖೆಯನ್ನು ಬಿಟ್ಟು ಚದುರುವುದಿಲ್ಲ ಎಂಬುದನ್ನೂ ಅವರು ಗಣಿತದಿಂದ ತೋರಿಸಿದರು: ಇಷ್ಟು ತಗ್ಗಿನ ಕಂಪನಾಂಕದಲ್ಲಿ ಅದರ ಶಕ್ತಿ ಬಲರೇಖೆಯಿಂದ ಸುಮಾರು 19.5 ಡಿಗ್ರಿಯೊಳಗೇ ಸಾಗಬೇಕು. ಆದರೆ ಈ ಲೆಕ್ಕ ಕೂಡಿಬರಬೇಕಾದರೆ ಅಲೆಯನ್ನು ನಿಧಾನಿಸುವ ಎಲೆಕ್ಟ್ರಾನುಗಳು ದಾರಿಯುದ್ದಕ್ಕೂ ಇರಬೇಕಿತ್ತು. ಸುಮಾರು 12,000 ಕಿಲೋಮೀಟರ್ ಎತ್ತರದಲ್ಲಿ ಪ್ರತಿ ಘನ ಸೆಂಟಿಮೀಟರಿಗೆ 400 ಎಂಬ ಸಂಖ್ಯೆ ಬಂತು. ಕೆಲವು ನೂರು ಕಿಲೋಮೀಟರ್ ಎತ್ತರದ ಅಯಾನುಗೋಳವನ್ನಷ್ಟೇ ಬಲ್ಲವರಿಗೆ ಇದು ನಂಬಲಾಗದ ಸಂಖ್ಯೆ. ಸ್ಟೋರಿ ಇದನ್ನು ಪ್ರಕಟಿಸಿದ್ದು 1953ರಲ್ಲಿ, ಸ್ಪುಟ್ನಿಕ್ ಹಾರುವುದಕ್ಕೆ ನಾಲ್ಕು ವರ್ಷ ಮುಂಚೆ. ಆಗಿನ್ನೂ ಒಂದೂ ಉಪಗ್ರಹವಿರಲಿಲ್ಲ, ಇದ್ದದ್ದು ಸಿಡಿಲಿನ ಸದ್ದು.

ಪುರಾವೆ ಸಿಗಲು ತಡವಾಗಲಿಲ್ಲ. ಅಲಾಸ್ಕಾದ ಉನಲಾಸ್ಕಾ ದ್ವೀಪ ಮತ್ತು ನ್ಯೂಜಿಲೆಂಡಿನ ವೆಲಿಂಗ್ಟನ್ ಹೆಚ್ಚುಕಡಿಮೆ ಒಂದೇ ಬಲರೇಖೆಯ ಎರಡು ತುದಿಗಳು. ಮಾರ್ಗನ್ ಮತ್ತು ಆಲ್‌ಕಾಕ್ ಎಂಬ ಸಂಶೋಧಕರು 1955ರಲ್ಲಿ ಎರಡೂ ಕಡೆ ಒಂದೇ ಹೊತ್ತಿಗೆ ಕಿವಿಯಿಟ್ಟರು. ಒಂದೇ ಅಲೆಯ ಸಿಳ್ಳೆ ಎರಡೂ ತುದಿಗಳಲ್ಲಿ ಸಿಕ್ಕಿತು. ಸಿಡಿಲು ಬಿದ್ದ ಕಡೆ ಎಳೆತ 2, 4, 6ರ ಪ್ರಮಾಣದಲ್ಲೂ ಎದುರು ಕಡೆ 1, 3, 5ರ ಪ್ರಮಾಣದಲ್ಲೂ ಹೆಚ್ಚುತ್ತದೆ, ಎರಡು ದಡಗಳ ನಡುವೆ ಓಡಾಡುವ ದೋಣಿಯ ಸರದಿಯ ಹಾಗೆ. 1963ರಲ್ಲಿ ಸ್ಟ್ಯಾನ್‌ಫರ್ಡ್‌ನ ಡಾನ್ ಕಾರ್ಪೆಂಟರ್ ಇಂಥ ಸಿಳ್ಳೆಗಳಿಂದಲೇ ಆ ಎಲೆಕ್ಟ್ರಾನ್ ಸಾಂದ್ರತೆ ಒಮ್ಮೆಲೇ ಕುಸಿಯುವ ಗಡಿಯನ್ನು ಗುರುತಿಸಿದರು.

ಈ ಸಿಳ್ಳೆಗಳನ್ನು ಯಾರೂ ಕೇಳಬಹುದು. ಹ್ಯಾಮ್‌ಗಳಿಗೆ, ಎಂದರೆ ಹವ್ಯಾಸಿ ರೇಡಿಯೊದವರಿಗೆ, ದೊರೆತಿರುವ ಅತಿ ತಗ್ಗಿನ ಬ್ಯಾಂಡ್ 135.7ರಿಂದ 137.8 ಕಿಲೋಹರ್ಟ್ಸ್. ಸಿಳ್ಳೆಗಳಿರುವುದು ಅದಕ್ಕೂ ಎಷ್ಟೋ ಕೆಳಗೆ. ಕೇಳಲು ಪರವಾನಗಿ ಬೇಡ. ಒಂದು ಆಂಟೆನಾ, ಆಂಪ್ಲಿಫೈಯರ್, ಮತ್ತು ಕರೆಂಟ್ ಕಂಬಗಳಿಂದ ದೂರವಿರುವ ಬಯಲು ಬೇಕು. ಹತ್ತಿರದಲ್ಲಿ ತಂತಿಯಿದ್ದರೆ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಭಾರತದಲ್ಲಿ ಗುಲ್ಮಾರ್ಗ್, ನೈನಿತಾಲ್, ವಾರಾಣಸಿಗಳಲ್ಲಿ ಸಿಳ್ಳೆಗಳು ದಾಖಲಾಗಿವೆ. ಕಾಂತೀಯ ಸಮಭಾಜಕ ದೇಶದ ದಕ್ಷಿಣ ತುದಿಯ ಬಳಿ ಹಾಯುತ್ತದೆ. ಕೇರಳದ ತುಂಬಾ ಎಂಬಲ್ಲಿ 1963ರಲ್ಲಿ ರಾಕೆಟ್ ನೆಲೆ ಎದ್ದದ್ದೂ ಅದಕ್ಕಾಗಿಯೇ. ಹೀಗಾಗಿ ಕರ್ನಾಟಕದ ಮೇಲಿನ ಬಲರೇಖೆಗಳು ತಗ್ಗಿನಲ್ಲೇ ಬಾಗುತ್ತವೆ, ಅಲೆಗೆ ಸಿಳ್ಳೆಯಾಗಿ ಎಳೆದುಕೊಳ್ಳುವಷ್ಟು ದೂರದ ಪಯಣವಿಲ್ಲ. ನಮ್ಮ ಬಯಲಿನಲ್ಲಿ ರಾತ್ರಿ ಕಾದು ಕೂತವರಿಗೆ ದೂರದ ಸಿಡಿಲಿನ ಚಟಪಟ ಕೇಳುತ್ತದೆ. ನಡುನಡುವೆ, ನೆಲಕ್ಕೂ ಅಯಾನುಗೋಳಕ್ಕೂ ನಡುವೆ ಪುಟಿಯುತ್ತಾ ಬಂದ ಅಲೆಯ ‘ಟ್ವೀಕ್’ ಎಂಬ ಚುಟುಕು ನಾದ.