ಮಂಚಿಗೆಯಿಂದ ಕಂಡ ತೋಳ

ಹಿಂಗಾರಿ ಬಿಳಿಜೋಳ ಹಾಲುಗಾಳಿಗೆ ಬಂತೆಂದರೆ ಬಾಗೇವಾಡಿ, ಸಿಂದಗಿ ಕಡೆ ಹೊಲಗಳಿಗೆ ಗುಲಾಬಿ ಕಬ್ಬಕ್ಕಿ ಹಿಂಡುಹಿಂಡಾಗಿ ಇಳಿಯುತ್ತವೆ. ಕರಿ ತಲೆ, ಗುಲಾಬಿ ಮೈ. ಮಧ್ಯ ಏಷ್ಯಾದಿಂದ ಬರುವ ಹಕ್ಕಿ. ಚೀನಾದ ಶಿಂಜಿಯಾಂಗ್ ಪ್ರಾಂತದಲ್ಲಿ ಮಿಡತೆ ತಿನ್ನಲೆಂದು ಇವಕ್ಕೆ ಗೂಡು ಕಟ್ಟಿಕೊಡುತ್ತಾರೆ. ನಮಗೆ ಮಾತ್ರ ಕವಣಿ ಬೀಸೋದು ತಪ್ಪಿದ್ದಲ್ಲ.

2024ರ ಜನವರಿ ಕೊನೆಗೆ ನಸುಕಿನಾಗ ಮಂಚಿಗೆ ಮೇಲೆ ನಿಂತು ಹಕ್ಕಿ ನೋಡುತ್ತಿದ್ದೆ. ಕವಣಿ ಬೀಸುವ ಮೊದಲೇ ಹಿಂಡು ಭರ್ರನೆ ಎದ್ದಿತು. ಟಿಟ್ಟಿಭ ಒಂದೇ ಸವನೆ ಕೂಗತೊಡಗಿತು. ಬದುವಿನ ಮೇಲೆ ನಾಯಿಯಂಥದ್ದು ನಿಂತಿತ್ತು. ಉದ್ದ ಕಾಲು, ನೆಟ್ಟಗಿನ ಕಿವಿ, ಸುರುಳಿಯಾಗದೆ ಜೋತ ಬಾಲ. ತೋಳ! ಬದು ಕೆದರಿ ಇಲಿ ಹಿಡಿದು ಹಳ್ಳದ ದಂಡಿಗೆ ಹೋಯಿತು. ಅಲ್ಲಿ ಬಿಲದಿಂದ ಎರಡು ಮರಿ ಹೊರಗೆ ಬಂದವು.

ಸುದ್ದಿ ಕೇಳಿ ಕುರಿಗಾರರು ಬಿಲಕ್ಕೆ ಹೊಗೆ ಹಾಕಲು ಬಂದರು. ಅವರ ಸಿಟ್ಟು ಸುಳ್ಳಲ್ಲ; ಹಿಂದಿನ ವಾರ ಒಂದು ಕುರಿಮರಿ ಹೋಗಿತ್ತು.

"ಕಾಕಾ, ಅದು ನಿಮ್ಮ ಜ್ವಾಳ ತಿನ್ನಂಗಿಲ್ಲ, ನಿಮಗೇನ್ರಿ?" ಎಂದ ಒಬ್ಬ.

"ಇಲಿ, ಮೊಲ, ಚಿಗರಿ ಹಿಡಿಯೋದು ಇದ ನೋಡ್ರಪಾ. ತೊಗರಿ ಕೊಯ್ದ ನನ್ನ ಮ್ಯಾಲಿನ ಹೊಲದಾಗ ಕುರಿ ತರುಬ್ರಿ, ಕಾಳು ಕೊಡತೀನಿ" ಎಂದೆ.

ಒಪ್ಪಿದರು. ಹಟ್ಟಿ ದೂರಾಯಿತು, ಹೊಲಕ್ಕೆ ಗೊಬ್ಬರ ಬಿತ್ತು, ಮರಿಗಳು ಉಳಿದವು.

ತೋಳ ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಕುರಿ ಸತ್ತರೆ ಅದನ್ನು ಅಲ್ಲಿಂದ ಸರಿಸದೆ ಅರಣ್ಯ ಇಲಾಖೆಗೆ ತಿಳಿಸಿ, ಪಂಚನಾಮೆ ಮಾಡಿಸಿ ಪರಿಹಾರ ಕೇಳಬೇಕು. ರಾತ್ರಿ ಹಟ್ಟಿಗೆ ಜಾಲಿಮುಳ್ಳಿನ ಬೇಲಿ, ಎರಡು ಗಟ್ಟಿ ನಾಯಿ ಇರಲಿ.