ಚಕಮಕಿ ಕೋವಿಗೆ ಎಂಥ ಬಟ್ಟೆ?

ಪೆನ್ಸಿಲ್ವೇನಿಯಾದ ಕಾಡುಗಳಲ್ಲಿ ಕ್ರಿಸ್‌ಮಸ್ ಕಳೆದ ಮರುದಿನ ಚಕಮಕಿ ಕೋವಿಯ ಬೇಟೆ ಶುರುವಾಗುತ್ತದೆ. 1974ರಲ್ಲಿ ಆರಂಭವಾದ ಈ ಋತು ಈಗ ಜನವರಿಯಲ್ಲೂ ಹಲವು ದಿನ ನಡೆಯುತ್ತದೆ. ನಳಿಗೆಯ ಬಾಯಿಂದ ಮದ್ದುಗುಂಡು ತುಂಬಿ, ಕಲ್ಲನ್ನು ಉಕ್ಕಿಗೆ ಬಡಿದು ಕಿಡಿ ಹಾರಿಸುವ ಕೋವಿಗೇ ಮೀಸಲಾದ ಜಿಂಕೆ ಬೇಟೆ ಇದು. ಕೇಪಿನ ಕೋವಿಗೂ ಇದರಲ್ಲಿ ಜಾಗವಿಲ್ಲ. ಅದಕ್ಕೆ ಅಕ್ಟೋಬರಿನಲ್ಲಿ ಬೇರೆ ಅವಧಿ ಇದೆ. ಬೆಳಿಗ್ಗೆ ಹೊರಟಾಗ ಕಾಲಡಿ ಹಿಮ ಗರಗರ ಎನ್ನುತ್ತಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದೇ ಹಿಮ ಮರದಿಂದ ತೊಟ್ಟಿಕ್ಕಿ ಮೈಯೆಲ್ಲ ತೋಯುತ್ತದೆ.

ನಾನು ಕೊಡಗಿನ ವಿರಾಜಪೇಟೆ ಕಡೆಯವನು. ಕೋವಿ ಇಲ್ಲದ ಮನೆಯನ್ನು ಚಿಕ್ಕಂದಿನಲ್ಲಿ ಕಂಡವನಲ್ಲ. ಆದರೆ ಬೇಟೆ ಕಲಿತದ್ದು ಇಲ್ಲಿಗೆ ಬಂದ ಮೇಲೆಯೇ, ಸುರಕ್ಷತೆಯ ತರಗತಿ ಮುಗಿಸಿ ಪರವಾನಗಿ ಪಡೆದು. ಈಗ ಹೊಸಬರು ಯಾರಾದರೂ ಜೊತೆಗೆ ಬರುತ್ತೇನೆಂದರೆ, ಕೋವಿಯ ಮಾತು ಮುಗಿಯುವ ಮೊದಲೇ ಬಟ್ಟೆಯ ಮಾತು ಬರುತ್ತದೆ. ಈ ವಿಷಯದಲ್ಲಿ ಇಲ್ಲಿ ಎರಡು ಪಂಗಡ. ಒಂದರವರು ಅಂಚಿಗೆ ಜಾಲರಿ ಬಿಟ್ಟ ಅಂಗಿ, ಜಿಂಕೆ ಚರ್ಮದ ಷರಾಯಿ, ಉಣ್ಣೆಯ ಟೋಪಿ ತೊಟ್ಟು 1770ರಿಂದ ನೇರ ಎದ್ದು ಬಂದವರ ಹಾಗೆ ಕಾಣುತ್ತಾರೆ. ಇನ್ನೊಂದರವರು ಸಾಮಾನ್ಯ ರೈಫಲ್ ಬೇಟೆಗೆ ಹೋಗುವಾಗ ಹಾಕುವ ಎಲೆಚಿತ್ರದ ಜಾಕೆಟ್ಟನ್ನೇ ಇದಕ್ಕೂ ಹಾಕುತ್ತಾರೆ: ಪಾಲಿಯೆಸ್ಟರ್, ನೈಲಾನ್, ನೀರು ಒಳಬಿಡದ ಪದರ. ಇಬ್ಬರೂ ಬಟ್ಟೆಯನ್ನು ಕೋವಿಗೆ ಸಂಬಂಧವಿಲ್ಲದಂತೆ ಆರಿಸುತ್ತಾರೆ ಎಂಬುದು ನನ್ನ ತಕರಾರು. ಈ ಕೋವಿ ಏನು ಮಾಡುತ್ತದೆ ಎಂದು ನೋಡಿ, ಅಲ್ಲಿಂದ ಬಟ್ಟೆಗೆ ಬರಬೇಕು.

ಈಡು ಹಾರುವ ಗಳಿಗೆಯನ್ನೇ ಹತ್ತಿರದಿಂದ ನೋಡಿ. ಕೆನ್ನೆ ಕೋವಿಯ ಹಿಡಿಗೆ ತಾಗಿರುತ್ತದೆ. ಅಲ್ಲಿಂದ ಗೇಣಿನಷ್ಟು ಮುಂದೆ, ಬಲ ಮಗ್ಗುಲಲ್ಲಿ, ಒಂದು ಪುಟ್ಟ ಬಟ್ಟಲಿನಲ್ಲಿ ನುಣ್ಣನೆಯ ರಂಜಕದ ಮದ್ದು. ಬಿಲ್ಲು ಎಳೆದಾಗ ಕಲ್ಲು ಉಕ್ಕಿನ ತಟ್ಟೆಯನ್ನು ಉಜ್ಜುತ್ತದೆ, ತಟ್ಟೆ ಮುಂದಕ್ಕೆ ಮಗುಚುತ್ತದೆ, ಕಿಡಿ ಬಟ್ಟಲಿಗೆ ಬೀಳುತ್ತದೆ, ರಂಜಕ ಭುಗ್ಗೆಂದು ಹತ್ತುತ್ತದೆ. ಆ ಬೆಂಕಿ ನಳಿಗೆಯ ಪಕ್ಕದ ಸಣ್ಣ ತೂತಿನಿಂದ ಒಳಹೋಗಿ ಈಡು ಹಾರಿಸುತ್ತದೆ; ಅದೇ ತೂತಿನಿಂದ ಬಲಕ್ಕೆ ಬೆಂಕಿಯ ನಾಲಿಗೆಯೊಂದು ಹೊರಗೂ ಚಾಚುತ್ತದೆ. ಉರಿಯುವ ಕಾಳುಗಳು ಟೋಪಿಯ ಅಂಚಿಗೆ, ಮುಂಗೈ ಪಟ್ಟಿಗೆ ಬೀಳುತ್ತವೆ. ನೈಲಾನ್, ಪಾಲಿಯೆಸ್ಟರ್‌ಗಳು 220ರಿಂದ 260 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕರಗಿ ಅಂಟಾಗುತ್ತವೆ. ಕರಗಿದ್ದು ಚರ್ಮಕ್ಕೆ ತಾಗಿದರೆ ಬಿಡುವುದಿಲ್ಲ. ಉಣ್ಣೆ ಕರಗುವುದಿಲ್ಲ. ಹೊತ್ತಿಕೊಳ್ಳಲು ಅದಕ್ಕೆ 570 ಡಿಗ್ರಿಗೂ ಹೆಚ್ಚು ಬಿಸಿ ಬೇಕು. ಕಿಡಿ ಬಿದ್ದಲ್ಲಿ ಕರಕಲಾಗಿ, ಕೂದಲು ಸುಟ್ಟ ವಾಸನೆ ಬಂದು, ತಾನೇ ಆರುತ್ತದೆ. ನನ್ನ ಉಣ್ಣೆ ಕೋಟಿನ ಬಲ ಮುಂಗೈಯಲ್ಲಿ ಸಾಸಿವೆ ಗಾತ್ರದ ಕಪ್ಪು ಚುಕ್ಕೆಗಳು ಸಾಲಾಗಿವೆ. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತವೆ, ಕೆಳಗಿನ ನೇಯ್ಗೆ ಗಟ್ಟಿಯಾಗಿಯೇ ಇದೆ.

ಹತ್ತಿ ಮತ್ತು ನಾರುಬಟ್ಟೆಗಳದ್ದು ನಡುವಿನ ದಾರಿ. ಅವು ಕರಗುವುದಿಲ್ಲ, ಆದರೆ ಸದ್ದಿಲ್ಲದೆ ಕನಲುತ್ತವೆ. ಹಿಂದೆ ಚಕಮಕಿಯ ಕಿಡಿ ಹಿಡಿದು ಒಲೆ ಹೊತ್ತಿಸುತ್ತಿದ್ದುದೇ ಕರಕಲು ಮಾಡಿದ ಹತ್ತಿ ಬಟ್ಟೆಯ ಚೂರಿನಿಂದ. ಹಾಗಾಗಿ ಜಾಲರಿಯ ಅಂಗಿ ತೊಟ್ಟವರು ಈಡು ಹಾರಿಸಿದ ಮೇಲೆ ತೋಳು ಕೊಡವಿಕೊಳ್ಳುವುದನ್ನು ರೂಢಿಸಿಕೊಳ್ಳಬೇಕು.

ಆ ಅಂಗಿಯ ಬಗ್ಗೆ ನನಗೆ ನಿಜವಾದ ಗೌರವವಿದೆ. ಇಲ್ಲಿಯ ಗಡಿನಾಡಿನಲ್ಲಿ ಬೆಳೆದ ಜೋಸೆಫ್ ಡಾಡ್ರಿಡ್ಜ್ ಎಂಬ ಪಾದ್ರಿ 1824ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅದನ್ನು ವಿವರವಾಗಿ ಬಣ್ಣಿಸಿದ್ದಾನೆ. ತೊಡೆಯ ತನಕ ಇಳಿಯುವ, ಮುಂದೆ ತೆರೆದ ದೊಗಲೆ ಅಂಗಿ. ಒಂದು ಮಗ್ಗುಲು ಇನ್ನೊಂದರ ಮೇಲೆ ಅಡಿಯಷ್ಟು ಅಗಲ ಹಾಯುತ್ತಿತ್ತು. ಸೊಂಟಕ್ಕೆ ಪಟ್ಟಿ ಬಿಗಿದರೆ ಎದೆಯ ಮಡಿಲೇ ಚೀಲ. ರೊಟ್ಟಿ, ಒಣಮಾಂಸ, ನಳಿಗೆ ಒರೆಸುವ ನಾರು ಎಲ್ಲ ಅದರೊಳಗೆ. ಪಟ್ಟಿಯನ್ನು ಬೆನ್ನ ಹಿಂದೆ ಕಟ್ಟಿ, ಒಂದು ಪಕ್ಕ ಕೈಗೊಡಲಿ, ಇನ್ನೊಂದು ಪಕ್ಕ ಚರ್ಮದ ಒರೆಯಲ್ಲಿ ಕತ್ತಿ. ಇದನ್ನು ಓದಿದಾಗ ನನಗೆ ನಮ್ಮ ಕೊಡವರ ಕುಪ್ಯವೇ ಕಣ್ಣ ಮುಂದೆ ಬಂತು. ಅದೂ ಮುಂದೆ ಒಂದರ ಮೇಲೊಂದು ಹಾಯುವ ನಿಲುವಂಗಿ. ಅದಕ್ಕೂ ಸೊಂಟದಲ್ಲಿ ಚೇಲೆ ಬಿಗಿಯಬೇಕು. ಚೇಲೆಯ ಮುಂದೆ ಪೀಚೆಕತ್ತಿ, ಬೆನ್ನಿಗೆ ಒಡಿಕತ್ತಿ. ಗುಡ್ಡ ಹತ್ತಿ ಇಳಿದು, ಕೈ ಬಿಡುವಾಗಿಟ್ಟುಕೊಂಡು ಆಯುಧ ಬಳಸಬೇಕಾದ ಎರಡು ದೂರದ ನಾಡಿನ ಜನ ಒಂದೇ ಬಗೆಯ ಹೊಲಿಗೆಗೆ ಬಂದಿದ್ದಾರೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆ ನಿಂತಿದೆ, ನಿಲ್ಲಬೇಕಾದದ್ದೇ. ಕೋವಿ ಈಗ ಕೈಲ್ ಪೊಳ್ದ್ ಹಬ್ಬದ ದಿನ ತೋಕ್ ಪೂ ಎಂಬ ಹೂ ಮುಡಿದು ಪೂಜೆ ಪಡೆಯುತ್ತದೆ, ಆಮೇಲೆ ತೆಂಗಿನಕಾಯಿಗೆ ಗುರಿ ಹಿಡಿಯುತ್ತದೆ.

ಜಾರ್ಜ್ ವಾಷಿಂಗ್ಟನ್ ಕೂಡ 1776ರ ಜುಲೈನಲ್ಲಿ ತನ್ನ ಸೈನಿಕರಿಗೆ ಜಾಲರಿಯ ಈ ಬೇಟೆ ಅಂಗಿಯನ್ನೇ ಶಿಫಾರಸು ಮಾಡಿದ. ಅಗ್ಗದ ಬಟ್ಟೆ, ಸೆಕೆಗೂ ಚಳಿಗೂ ಹೊಂದುತ್ತದೆ, ಮೇಲಾಗಿ ಅದನ್ನು ತೊಟ್ಟವನೆಲ್ಲ ಗುರಿಕಾರನೇ ಎಂಬ ಭಯ ಶತ್ರುಗಳಿಗೆ ಇತ್ತು. ಇಂದಿಗೂ ಅದರ ದೊಡ್ಡ ಗುಣ ದೊಗಲೆತನವೇ. ಈ ಕೋವಿಯ ಬೇಟೆಗಾರ ಎಡಗೈಯಲ್ಲಿ ನಳಿಗೆ ಹಿಡಿದು, ಬಲಗೈಯಲ್ಲಿ ಕೊಂಬಿನ ಮದ್ದು ಅಳೆದು, ಎಣ್ಣೆ ಸವರಿದ ಬಟ್ಟೆತುಂಡಿನಲ್ಲಿ ಗುಂಡು ಸುತ್ತಿ, ಗಜವನ್ನು ಪೂರ್ತಿ ತೋಳು ಎತ್ತಿ ಜಡಿಯಬೇಕು. ಕಂಕುಳಲ್ಲಿ ಬಿಗಿಯುವ ಕೋಟಿಗೆ ಇದು ಒಗ್ಗದು. ಉಬ್ಬಿದ ಗರಿ ಜಾಕೆಟ್ ತೊಟ್ಟರೆ ಕೊಂಬೂ ಚೀಲವೂ ಮೊಣಕೈಗೆ ಸಿಗದೆ ಜಾರುತ್ತವೆ, ಕೋವಿಯ ಹಿಡಿ ಭುಜದಲ್ಲಿ ತನ್ನ ಜಾಗ ಕಂಡುಕೊಳ್ಳುವುದಿಲ್ಲ. ಸದ್ದಿನ ಮಾತೂ ಇದೆ. ದುಂಡು ಗುಂಡಿನ ಕೋವಿಗೆ ಜಿಂಕೆ ಹತ್ತಿರ ಬರಬೇಕು, ನೂರು ಗಜದ ಒಳಗೇ. ಚಳಿಗೆ ಬಿರುಸಾದ ನೈಲಾನ್ ಒಂದು ಕಡ್ಡಿ ತಾಗಿದರೂ ಕರಕರ ಎನ್ನುತ್ತದೆ. ಉಣ್ಣೆಗೆ ತಾಗಿದ ಕಡ್ಡಿ ಸದ್ದಿಲ್ಲದೆ ಸರಿಯುತ್ತದೆ.

ಜಿಂಕೆ ಚರ್ಮದ ಷರಾಯಿ ಮಾತ್ರ ಬೇಡ. ಒದ್ದೆಯಾದರೆ ಅದು ಮೈಯ ಶಾಖವನ್ನೆಲ್ಲ ಹೀರುತ್ತದೆ. ಡಾಡ್ರಿಡ್ಜ್ ಕೂಡ ಇದನ್ನು ದೂರಿದ್ದಾನೆ, ಮಳೆಗಾಲದ ಚರ್ಮದ ಮೆಟ್ಟು ಬರಿಗಾಲಿಗಿಂತ ಹೆಚ್ಚೇನಲ್ಲ ಎಂಬರ್ಥದ ಮಾತು ಬರೆದಿದ್ದಾನೆ. ಅದನ್ನು ಅನಿವಾರ್ಯವಾಗಿ ತೊಟ್ಟವನೇ ಹಾಗೆಂದ ಮೇಲೆ ನಾವು ಶೋಕಿಗೆ ತೊಡುವುದೇಕೆ? ಕಾಲಿಗೆ ಇಂದಿನ ರಬ್ಬರ್ ಅಡಿಯ ಬೂಟು, ಕಣ್ಣಿಗೆ ಕನ್ನಡಕ, ಮೈಗೆ ತಾಗುವ ಪದರಕ್ಕೆ ತೆಳು ಮೆರಿನೊ ಉಣ್ಣೆ. ಷರಾಯಿಗೆ ಪರ್ಮೆಥ್ರಿನ್ ಸಿಂಪಡಿಸಿ ಒಣಗಿಸಿದರೆ ಇನ್ನೂ ಒಳ್ಳೆಯದು. ಲೈಮ್ ರೋಗ ಹರಡುವ ಉಣ್ಣಿಗಳು ಇಲ್ಲಿ ಜನವರಿಯಲ್ಲೂ ಬಿಸಿಲು ಬಂದ ದಿನ ಎದ್ದು ಓಡಾಡುತ್ತವೆ.

ಮೇಲುಕೋಟಿಗೆ ಹುಡುಕಾಟ ಬೇಡ, ಅದು ಈ ರಾಜ್ಯದ್ದೇ ಸರಕು. 1830ರಲ್ಲಿ ಇಲ್ಲಿ ಶುರುವಾದ ವುಲ್‌ರಿಚ್ ಗಿರಣಿಯ ಕೆಂಪು-ಕಪ್ಪು ಚೌಕಳಿಯ ದಪ್ಪ ಉಣ್ಣೆ ಬೇಟೆಗಾರರ ಸಮವಸ್ತ್ರದಂತೆಯೇ ಆಗಿಹೋಗಿತ್ತು. ಗಿರಣಿ 2018ರಲ್ಲಿ ಮುಚ್ಚಿತು. ಕೋಟುಗಳು ಮಾತ್ರ ಹಳೆ ಬಟ್ಟೆ ಅಂಗಡಿಗಳಲ್ಲಿ ಈಗಲೂ ಸಿಗುತ್ತವೆ. ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ನೀರಿನ ಪಸೆಯನ್ನು ಎಳೆಯೊಳಗೇ ಹೀರಿಕೊಂಡೂ ಮೈಗೆ ಒದ್ದೆ ಎನಿಸದು. ತೊಳೆಯುವಾಗ ಬಿಳುಪು ಹೆಚ್ಚಿಸುವ ಸೋಪಿನಪುಡಿ ಬೇಡ. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನಗಳಿಂದ ತಿಳಿದಂತೆ, ಬಿಳಿಬಾಲದ ಜಿಂಕೆ ನೀಲಿಯನ್ನೂ ಅದರಾಚೆಯ ಬೆಳಕನ್ನೂ ನಮಗಿಂತ ಚೆನ್ನಾಗಿ ಕಾಣುತ್ತದೆ. ಆ ಪುಡಿಯಲ್ಲಿ ಒಗೆದ ಬಟ್ಟೆ ಅದರ ಕಣ್ಣಿಗೆ ಮಿನುಗುತ್ತದೆ. ಈ ಲೆಕ್ಕದಲ್ಲಿ ನೀಲಿ ಅದ್ದಿದ ಹಳೆ ಮಾದರಿಯ ಅಂಗಿಗಿಂತ ವಾಲ್‌ನಟ್ ಸಿಪ್ಪೆಯ ಕಂದು ಬಣ್ಣದ್ದು ಮೇಲು.

ಅದೇ ಜಿಂಕೆಗೆ ಕಿತ್ತಳೆ ಬಣ್ಣ ಮಂಕಾಗಿ ಕಾಣುತ್ತದೆ. ಸಾಮಾನ್ಯ ರೈಫಲ್ ಋತುವಿನಲ್ಲಿ ತಲೆ, ಎದೆ, ಬೆನ್ನು ಸೇರಿ 250 ಚದರ ಅಂಗುಲದಷ್ಟು ಹೊಳೆಯುವ ಕಿತ್ತಳೆ ಇಲ್ಲಿ ಕಡ್ಡಾಯ. ಕ್ರಿಸ್‌ಮಸ್ ನಂತರದ ಚಕಮಕಿ ಋತುವಿಗೆ ಕಡ್ಡಾಯವಿಲ್ಲ, ಹಾಕಿದರೆ ಒಳ್ಳೆಯದು ಎಂಬ ಸಲಹೆ ಮಾತ್ರ. ಹಳೆ ಉಡುಪಿನ ಗೆಳೆಯರು ಈ ಬಣ್ಣವನ್ನು ಒಪ್ಪುವುದಿಲ್ಲ. ಅಷ್ಟು ಮುತುವರ್ಜಿಯಿಂದ ಕೈಯಲ್ಲಿ ಹೊಲಿದ ಅಂಗಿಯ ಮೇಲೆ ಅಂಥದ್ದೇ ಎಂದು ನೊಂದುಕೊಳ್ಳುತ್ತಾರೆ. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಲಾರೆಲ್ ಪೊದೆಗಳ ನಡುವೆ ನಾಲ್ಕೈದು ಜನ ಜಿಂಕೆ ಎಬ್ಬಿಸುತ್ತ ನಡೆಯುವಾಗ ಕಂದು ಅಂಗಿಯ ಮನುಷ್ಯ ಕಂದು ಜಿಂಕೆಯಷ್ಟೇ ಕಾಣುವುದು, ಮೊದಲ ಈಡಿನ ಹೊಗೆ ಕವಿದ ಮೇಲೆ ಅಷ್ಟೂ ಕಾಣುವುದಿಲ್ಲ. ನಾನು ಕೋಟಿನ ಮೇಲೆ ಕಿತ್ತಳೆ ಬಟ್ಟೆಯ ತೋಳಿಲ್ಲದ ಮೇಲಂಗಿ ಹಾಕುತ್ತೇನೆ. ಜೊತೆಗೆ ಬರುವವರಿಗೆಂದು ಇನ್ನೆರಡು ಕಾರಿನಲ್ಲಿ ಇಟ್ಟಿರುತ್ತೇನೆ. ಹಾಕದವರನ್ನು ಸಾಲಿನಲ್ಲಿ ನಿಲ್ಲಿಸಿಕೊಳ್ಳುವುದಿಲ್ಲ.